ಅತ್ತೆಯವರಿಗೆ ದಿನಾ ಉಡಿ ತುಂಬಿದ್ದು

ನಮ್ಮ ಅತ್ತೆಯವರಿಗೆ ನನ್ನನ್ನು ಕಂಡರೆ ತುಂಬ ಇಷ್ಟವಾಗತೊಡಗಿದ್ದು ನಾನು ಅವರ ಸೊಸೆ ಅನ್ನುವುದು ಮರೆತ ಮೇಲೆ. ಮರೆವಿನ ಕಾಯಿಲೆ ಹೆಚ್ಚಾದಂತೆ ಬೈಲಹೊಂಗಲದ ಈ ಮನೆ ಅವರಿಗೆ ಯಾರದೋ ಮನೆಯಾಯಿತು, ನಾನು ಆ ಮನೆಯ ಹೆಣ್ಣುಮಗಳಾದೆ, ಅವರು ನಮ್ಮಲ್ಲಿಗೆ ಬಂದ ಅತಿಥಿಯಾದರು. ಮಧ್ಯಾಹ್ನ ಊಟ ಮುಗಿಸಿ ನನ್ನ ಹೊಲಿಗೆ ಮಷಿನ್ನಿನ ಪಕ್ಕ ಬಂದು ಕುಳಿತು, ಆಚೆ ಈಚೆ ನೋಡಿ, ದನಿ ಇಳಿಸಿ ಮಾತು ತೆಗೆಯುತ್ತಿದ್ದರು.

"ನಿಮ್ಮ ಕೈ ಸಾರು ಭಾಳ ಛೊಲೋ ಆಗೇದ ನೋಡ್ರಿ. ನಮ್ಮ ಮನ್ಯಾಗೂ ಒಬ್ಬಾಕಿ ಅದಾಳ, ಸೊಸಿ. ನೀರಿಗೆ ಉಪ್ಪು ಹಾಕಿ ಸಾರು ಅಂತಾಳ."

"ಹೌದೇನ್ರಿ? ಮತ್ತೇನು ಮಾಡ್ತಾಳ?"

"ಏನು ಮಾಡ್ತಾಳ, ಹಗಲೆಲ್ಲಾ ಮಷಿನ್ ತುಳಕೋತ ಕೂಡ್ತಾಳ. ಆಕಿ ಬಾಯಿ ಅಂತೂ ಕೇಳಬ್ಯಾಡ್ರಿ."

ನಾನು ಮಷಿನ್ ತುಳಿಯುತ್ತಲೇ "ಅಯ್ಯ ಪಾಪ" ಅನ್ನುತ್ತಿದ್ದೆ. ಮದುವೆಯಾದಾಗಿನಿಂದ ನನ್ನ ಬೆನ್ನ ಹಿಂದೆ ಓಣಿಗೆಲ್ಲ ಹಂಚಿದ್ದನ್ನು ಈಗ ನನ್ನ ಮುಂದೆಯೇ ತಂದು ಸುರಿಯುತ್ತಿದ್ದರು. ಮೊದಲ ದಿನ ಮೈ ಉರಿಯಿತು. ಆಮೇಲೆ ರುಚಿ ಹತ್ತಿತು. ಕೊನೆಗೆ ನಾನೇ ಆ ಸೊಸೆಯ ಮೇಲೆ ಒಂದೆರಡು ಚಾಡಿ ಸೇರಿಸಿ ಹೇಳುತ್ತಿದ್ದೆ, ಅವರು ತೊಡೆ ತಟ್ಟಿ ನಗುತ್ತಿದ್ದರು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ನಾವಿಬ್ಬರೂ ಹಾಗೆ ಕೂತು ನಕ್ಕಿರಲಿಲ್ಲ.

ತೊಂದರೆ ಶುರುವಾಗುತ್ತಿದ್ದದ್ದು ಸಂಜೆ. ಬಿಸಿಲು ಇಳಿದ ಕೂಡಲೇ ಅವರಿಗೆ ಮನೆಗೆ ಹೋಗಬೇಕು. ಕೈಚೀಲಕ್ಕೆ ಒಂದು ಸೀರೆ, ಜಪಮಣಿ, ಕೈಗೆ ಸಿಕ್ಕರೆ ನನ್ನ ಕತ್ತರಿ, ಎಲ್ಲ ತುಂಬಿಕೊಂಡು ಮುಂದಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಇದೇ ನಿಮ್ಮ ಮನೆ ಅಂದರೆ ಸಿಟ್ಟು. ಅಗಳಿ ಹಾಕಿದರೆ ಬಾಗಿಲು ಬಡಿದು, "ನನ್ನ ಹಿಡಿದು ಇಟ್ಟಾರ್ರೀ" ಎಂದು ಓಣಿಗೆ ಕೇಳುವ ಹಾಗೆ ಕೂಗಾಟ. ಗಂಡ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದರು, ಬರುವುದು ಎಂಟಕ್ಕೆ. ಅವರು ಬರುವ ಹೊತ್ತಿಗೆ ನಾವಿಬ್ಬರೂ ಹೊಡೆದಾಡಿದವರ ಹಾಗೆ ಕೂತಿರುತ್ತಿದ್ದೆವು. ವಾದ ಮಾಡಬೇಡಿ ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದರು. ಬಾಗಿಲಲ್ಲಿ ನಿಂತು ಆ ಮಾತು ಪಾಲಿಸುವುದು ಹೇಗೆಂದು ಡಾಕ್ಟರಿಗೇ ಗೊತ್ತು.

ಒಂದು ಸಂಜೆ ಸಾಕಾಗಿ, ಐದು ನಿಮಿಷ ತಡೆದರೆ ಸಾಕು ಅಂತ, ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಹೆಣ್ಣುಮಕ್ಕಳು ಬರೀ ಉಡಿಯಿಂದ ಹೋಗಬಾರದ್ರಿ. ಕೂಡ್ರಿ, ಉಡಿ ತುಂಬ್ತೇನಿ."

ಅವರು ಚೀಲ ಇಳಿಸಿದರು. ಮಣೆ ಹಾಕುವ ಮೊದಲೇ ಪಡಸಾಲೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂತು, ಸೆರಗು ಹಿಡಿದರು. ಮುತ್ತೈದೆಯನ್ನು ಉಡಿ ತುಂಬಿ ಕಳಿಸುತ್ತೇನೆ ಅಂದ ಮೇಲೆ ಒಲ್ಲೆ ಅನ್ನುವ ಹೆಂಗಸು ಅವರು ಬೆಳೆದ ಮನೆಗಳಲ್ಲಿ ಯಾರೂ ಇರಲಿಲ್ಲ. ನನ್ನ ಹತ್ತಿರ ಜಂಪರ್ ಹೊಲಿಯಲು ಬಂದ ಖಣಗಳಿಗೇನು ಬರವೇ? ಒಂದು ಖಣ, ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣದ ಕೊಂಬು ಹಾಕಿದೆ. ಹಣೆಗೆ ಕುಂಕುಮ ಹಚ್ಚಿದೆ. ಅವರು ಸೆರಗು ಗಂಟು ಹಾಕಿಕೊಂಡು, "ಬರತೇನ್ರಿ, ನೀವೂ ಒಮ್ಮೆ ನಮ್ಮ ಕಡೆ ಬರ್ರಿ" ಎಂದು ಮರ್ಯಾದೆಯಿಂದ ಹೊರಟರು. ಉಡಿ ಕಟ್ಟಿಕೊಂಡವರು ದಾರಿಯಲ್ಲಿ ಎಲ್ಲೂ ನಿಲ್ಲುವ ಹಾಗಿಲ್ಲ, ನೇರ ಮನೆಗೆ ಹೋಗಿ ದೇವರ ಮುಂದೆ ಬಿಚ್ಚಬೇಕು. ಅತ್ತೆ ನೇರ ಹೋದರು. ಎಲ್ಲಿಗೆ? ಮನೆಯ ಮಗ್ಗುಲಿನ ಸಂದಿಗೆ ಹೊರಳಿ, ನಳದ ಮುಂದಿನಿಂದ ಹಾಯ್ದು, ನಮ್ಮದೇ ಹಿತ್ತಲ ಬಾಗಿಲಿಗೆ.

ಆಗ ನನಗೆ ತಿಳಿಯಿತು. ಮಾವನವರು ಪೌರೋಹಿತ್ಯ ಮಾಡುತ್ತಿದ್ದವರು. ಮುಂದಿನ ಬಾಗಿಲಿದ್ದದ್ದು ಪಂಚಾಂಗ ಕೇಳಲು ಬರುವವರಿಗೆ, ಮನೆಯ ಹೆಂಗಸರು ನೀರು ಹೊತ್ತು ಓಡಾಡಿದ್ದೆಲ್ಲ ಹಿತ್ತಲ ಬಾಗಿಲಿನಿಂದ. ಅವರ ಕಾಲಿಗೆ ಗೊತ್ತಿದ್ದ ಮನೆ ಅದು. ಅಂದಿನಿಂದ ಇದೇ ಪದ್ಧತಿಯಾಯಿತು. ಎದುರು ಮನೆಯವರು ಕಟ್ಟೆಯ ಮೇಲೆ ಕೂತು ಕಣ್ಣಿಡುತ್ತಿದ್ದರು, ಅತ್ತೆ ಸಂದಿಗೆ ಹೊರಳಿದ ಕೂಡಲೇ ನಾನು ಒಳಗಿನಿಂದ ಓಡಿ ಹಿತ್ತಲ ಅಗಳಿ ತೆಗೆಯುತ್ತಿದ್ದೆ. ಒಳಗೆ ಕಾಲಿಟ್ಟರೆಂದರೆ ನಾನು ಮತ್ತೆ ಸೊಸೆ. "ಇನ್ನೂ ದೀಪಾ ಹಚ್ಚಿಲ್ಲೇನು? ಹೋದ ಮನ್ಯಾಗಿನ ಹೆಣ್ಣುಮಗಳನ್ನ ನೋಡಿ ಕಲಿ." ಮುಂದಿನ ಬಾಗಿಲಲ್ಲಿ ಹೊಗಳಿಸಿಕೊಂಡು ಹಿಂದಿನ ಬಾಗಿಲಲ್ಲಿ ಬೈಸಿಕೊಳ್ಳುತ್ತಿದ್ದೆ. ದಿನಾ ಅದೇ ಖಣ, ಅದೇ ಕಾಯಿ, ಅಕ್ಕಿ ತಿರುಗಿ ಡಬ್ಬಿಗೆ. ಕಾಯಿಯ ನೀರು ಬತ್ತಿ ಒಳಗೆ ಗಡಗಡ ಅನ್ನತೊಡಗಿದಾಗ ಅತ್ತೆ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಹಳೇ ಕಾಯಿ ಕೊಟ್ಟಾರ, ಜೀನ ಮಂದಿ" ಅಂದರು. ಮಾರನೆಯ ದಿನ ಹೊಸದು ತಂದೆ.

ಇದರಲ್ಲಿ ಒಂದೇ ತೊಡಕು. ಅತ್ತೆ ಮುತ್ತೈದೆಯಲ್ಲ. ಮಾವನವರು ತೀರಿಕೊಂಡು ವರ್ಷಗಳಾಗಿದ್ದವು, ಅತ್ತೆ ಅದನ್ನೂ ಮರೆತಿದ್ದರು.

ಒಮ್ಮೆ ದೂರದ ನೆಂಟರೊಬ್ಬರು ಮಾವನವರ ಸಾವಿಗೆ ತಡವಾಗಿ ಮಾತಾಡಿಸಲು ಬಂದು, "ಅವರು ಹೋಗಬಾರದಿತ್ತು ನೋಡ್ರಿ" ಎಂದು ಶುರುಮಾಡಿಬಿಟ್ಟಿದ್ದರು. ಅತ್ತೆ ಸುದ್ದಿ ಆಗಷ್ಟೇ ಕೇಳಿದವರ ಹಾಗೆ ನೆಲಕ್ಕೆ ಕೂತು ಅತ್ತರು. ದೀಪ ಹಚ್ಚುವ ಹೊತ್ತಿಗೆ ಸುದ್ದಿ ಮರೆತುಹೋಗಿತ್ತು, ಅಳು ಮಾತ್ರ ನಿಂತಿರಲಿಲ್ಲ. "ನಾ ಯಾಕ ಅಳಾಕ ಹತ್ತೇನಿ?" ಎಂದು ನನ್ನನ್ನೇ ಕೇಳಿದರು. ಅವತ್ತಿನಿಂದ ಸತ್ಯ ಹೇಳುವವರ ಮೇಲೆ ನನಗಿದ್ದ ಗೌರವ ಹೋಯಿತು. ನಮ್ಮ ಮನೆಯಲ್ಲಿ ಮಾವನವರು ಸತ್ತಿಲ್ಲ, ಪರವೂರಿಗೆ ಹೋಗಿದ್ದಾರೆ ಎಂದು ನಾನೇ ಠರಾವು ಮಾಡಿದೆ.

ಹೀಗೆ ನಮ್ಮ ಮಾವನವರಿಗೆ ಕೆಲಸ ಹೆಚ್ಚಾಯಿತು. ಒಂದು ದಿನ ತೊರಗಲ್ಲಿನಲ್ಲಿ ಸತ್ಯನಾರಾಯಣ ಪೂಜೆ, ಮರುದಿನ ಕಿತ್ತೂರಿನಲ್ಲಿ ವಾಸ್ತುಶಾಂತಿ, ಅದರ ಮರುದಿನ ಸವದತ್ತಿಯಲ್ಲಿ ಮುಂಜಿ. ಬದುಕಿದ್ದಾಗ ವಾರಗಟ್ಟಲೆ ಜೋಕಾಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿದ ಮನುಷ್ಯ, ಸತ್ತ ಮೇಲೆ ಪುರಸೊತ್ತಿಲ್ಲದೆ ದುಡಿದರು. ನಾನು ಎಡವಿದ್ದು ಒಮ್ಮೆ ಮಾತ್ರ. ಅವಸರದಲ್ಲಿ, ರಾಮದುರ್ಗಕ್ಕೆ ಮದುವೆ ಮಾಡಿಸಲು ಹೋಗಿದ್ದಾರೆ ಅಂದೆ. ಬೆಳಿಗ್ಗೆ ಏನು ತಿಂದರೆಂಬುದು ನೆನಪಿಲ್ಲದ ಅತ್ತೆ ಥಟ್ಟನೆ ತಲೆ ಎತ್ತಿ, "ಆಷಾಢದಾಗ ಯಾರು ಮದವಿ ಮಾಡ್ತಾರ?" ಅಂದರು. ಪುರೋಹಿತರ ಹೆಂಡತಿಗೆ ಸುಳ್ಳು ಹೇಳುವವರು ಮೊದಲು ಪಂಚಾಂಗ ನೋಡಬೇಕು. ಆಮೇಲಿನಿಂದ ನೋಡಿಕೊಂಡೇ ಹೇಳಿದೆ. ಅವರ ಮಗನಿಗೆ, ಅಂದರೆ ನನ್ನ ಗಂಡನಿಗೆ, ಮಾತ್ರ ಸುಳ್ಳು ಬರುತ್ತಿರಲಿಲ್ಲ. ಅಪ್ಪ ಎಲ್ಲಿ ಎಂದು ತಾಯಿ ಕೇಳಿದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದರು.

ಎಲ್ಲ ಸುಸೂತ್ರ ನಡೆದಿದ್ದಾಗ ಮನೋಳಿ ಅತ್ಯಾ ಬಂದರು. ಮಾವನವರ ತಂಗಿ, ಮನೋಳಿಗೆ ಕೊಟ್ಟವರು, ಅದಕ್ಕೇ ಆ ಹೆಸರು. ಅವರೂ ಗಂಡನನ್ನು ಕಳೆದುಕೊಂಡವರು. ಬರಿ ಹಣೆ, ಮಡಿ, ಒಪ್ಪೊತ್ತು, ಎಲ್ಲ ಕಟ್ಟುನಿಟ್ಟು. ಅತ್ತೆ ಅವರ ಗುರುತು ಹಿಡಿಯಲಿಲ್ಲ. ಬಂದ ಸಂಜೆಯೇ ನಾನು ಉಡಿ ತುಂಬುವುದನ್ನು ನೋಡಿ ಅವರು ಗರ ಬಡಿದವರಂತೆ ನಿಂತರು. ಅತ್ತೆ ಹಿತ್ತಲಿನಿಂದ ಒಳಬಂದು ಮಲಗಿದ ಮೇಲೆ ಅಡುಗೆಮನೆಯಲ್ಲಿ ನನ್ನನ್ನು ಹಿಡಿದರು.

"ನಮ್ಮಣ್ಣ ಹೋದ ಮ್ಯಾಲೆ ಅವನ ಹೆಂಡತಿ ಹಣಿಗೆ ಕುಂಕುಮ ಹಚ್ಚತಿಯಲ್ಲ, ನಿನಗೇನು ಹೇಳವರು ಕೇಳವರು ಇಲ್ಲೇನು?"

"ಅವರಿಗೆ ಮಾವನವರು ಹೋದದ್ದ ನೆನಪಿಲ್ಲರಿ."

"ನೆನಪಿಲ್ಲಂದ್ರ ನೆನಪು ಮಾಡಿಕೊಡಬೇಕು. ನಾಳೆ ನಾ ಹೇಳ್ತೇನಿ. ಅಣ್ಣಗ ಒಂದು ಹನಿ ಕಣ್ಣೀರರ ಬ್ಯಾಡೇನು?"

ಒಂದು ಹನಿಯೇ? ನಾನು ಆ ನೆಂಟರು ಬಂದ ದಿನದ ಕತೆ ಹೇಳಿದೆ. ಹೇಳಬೇಡಿ ಅಂತ ಕೈ ಮುಗಿದೆ. ನನಗೆ ಕೈ ಮುಗಿಯುವ ಚಟ ಇಲ್ಲ, ದೇವರಿಗೂ ಅಷ್ಟಕ್ಕಷ್ಟೆ. ಅವರು ಕರಗಲಿಲ್ಲ. "ಸುಳ್ಳಂದ್ರ ಸುಳ್ಳ" ಎಂದು ಹೇಳಿ ಜಪಕ್ಕೆ ಕೂತರು. ಗಂಡನಿಗೆ ಹೇಳಿದೆ, ಅವರು "ಅತ್ಯಾನ ಮುಂದ ನಾ ಏನು ಮಾತಾಡ್ಲಿ" ಅಂದರು. ಇನ್ನೊಂದು ಸಲ ಅತ್ತೆ ನೆಲಕ್ಕೆ ಕೂತು ಅಳುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಮಾರನೆಯ ಸಂಜೆ ಅತ್ತೆ ಚೀಲ ಹಿಡಿದು ಬಂದು ಪಡಸಾಲೆಯಲ್ಲಿ ಸೆರಗು ಒಡ್ಡಿ ಕೂತರು. ಮನೋಳಿ ಅತ್ಯಾ ಎದುರಿಗೇ ಬಂದು ಕೂತರು. ನಾನು ಅಕ್ಕಿ ಹಾಕಿದೆ, ಕಾಯಿ ಇಟ್ಟೆ, ಕುಂಕುಮದ ಭರಣಿಗೆ ಕೈ ಹಾಕಿದೆ. ಅತ್ಯಾ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಅತ್ತೆ ಅವರ ಕಡೆ ನೋಡಿ, ನನ್ನ ಕೈ ಹಿಡಿದು ನಿಲ್ಲಿಸಿ ಗದರಿಸಿದರು.

"ಇವರೂ ಬಂದು ಕೂತಾರಲ್ರಿ. ಅವರ ಹಣಿ ಬರೀ ಅದ. ಮೊದಲ ಅವರಿಗೆ ಹಚ್ರಿ."

"ನನಗ ನಡ್ಯೂದಿಲ್ಲವಾ," ಅಂದರು ಅತ್ಯಾ. "ನಮ್ಮವರು ತೀರಿಕೊಂಡಾರ."

ಅತ್ತೆಯ ಮುಖ ಇಳಿಯಿತು. ಉಡಿಯ ಅಕ್ಕಿ ಚೆಲ್ಲುತ್ತಿದ್ದರೂ ಲಕ್ಷ್ಯ ಇಲ್ಲದೆ ಮುಂದೆ ಸರಿದು ಅವರ ಎರಡೂ ಕೈ ಹಿಡಿದುಕೊಂಡರು. "ಅಯ್ಯೋ ನಮ್ಮವ್ವಾ. ಯಾವಾಗ? ಊಟಾ ಮಾಡೀರೋ ಇಲ್ಲೋ? ಹತ್ತರ ಯಾರದಾರ?" ಆ ಸಾವಿಗೆ ಎಷ್ಟೋ ವರ್ಷವಾಗಿತ್ತು, ಮಾತಾಡಿಸಲು ಬಂದವರೆಲ್ಲ ಎಂದೋ ಬಂದು ಹೋಗಿದ್ದರು. ಅತ್ಯಾ ಅವರ ಗದ್ದ ಅಲುಗುವುದು ನನಗೆ ಕಂಡಿತು.

"ಕಾರ್ಯಾದ ಕಾಳಜಿ ಮಾಡಬ್ಯಾಡ್ರಿ," ಅಂದರು ಅತ್ತೆ. "ನಮ್ಮ ಮನಿಯವರಿಗೆ ಹೇಳ್ತೇನಿ, ಅವರು ಬಂದು ಎಲ್ಲಾ ಮಾಡಿಸಿ ಕೊಡ್ತಾರ. ದುಃಖದಾಗಿದ್ದವರ ಕಡೆ ದಕ್ಷಿಣಿ ಕೇಳಂಗಿಲ್ಲ ಅವರು."

ಅತ್ಯಾ ಈಗ ಹೇಳಿಬಿಡುತ್ತಾರೆ ಅಂದುಕೊಂಡು ನಾನು ಭರಣಿ ಹಿಡಿದು ಎದ್ದು ನಿಂತೆ.

"ಅವರೇ ಮಾಡ್ಯಾರ್ರಿ," ಅಂದರು ಅತ್ಯಾ. "ನಮ್ಮವರ ಕಾರ್ಯಾ ಎಲ್ಲಾ ನಿಮ್ಮವರೇ ನಿಂತು ಮಾಡಿಸ್ಯಾರ. ಭಾಳ ಛೊಲೋ ಮಾಡಿಸ್ಯಾರ."

"ಹೌದೇನು? ನನಗ ಹೇಳೇ ಇಲ್ಲ ನೋಡ್ರಿ. ಊರಿಗೆಲ್ಲಾ ಛೊಲೋ ಅವರು, ಮನ್ಯಾಗ ಮಾತ್ರ ಮೂಗಿನ ಮ್ಯಾಲ ಸಿಟ್ಟು."

"ನನಗ ಗೊತ್ತಿಲ್ಲೇನು," ಅಂದರು ಅತ್ಯಾ. "ಸಣ್ಣಂವ ಇದ್ದಾಗ ಸಿಟ್ಟು ಬಂದ್ರ ಊಟದ ತಾಟು ಬೀಸಿ ಒಗೀತಿದ್ದಾ."

ಇಬ್ಬರೂ ನಗತೊಡಗಿದರು. ಅತ್ಯಾ ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒತ್ತಿಕೊಂಡರು, ತುಂಬ ಹೊತ್ತು ಸೆರಗು ತೆಗೆಯಲಿಲ್ಲ. ಅತ್ತೆ ಅವರ ಮೊಣಕಾಲು ಸವರುತ್ತ ಕೂತರು. ಕೊನೆಗೆ ಅತ್ಯಾ ಮೂಗು ಒರೆಸಿಕೊಂಡು, ಭರಣಿ ಹಿಡಿದು ನಿಂತಿದ್ದ ನನ್ನ ಮೇಲೆ ಹರಿಹಾಯ್ದರು.

"ಏನು ನೋಡಕೋತ ನಿಂತಿ? ಹಣಿಗೆ ಕುಂಕುಮ ಹಚ್ಚಿ ಕಳಸು, ಕತ್ತಲಾಗಾಕ ಹತ್ತೇದ. ನಾ ಹೋಗಿ ಹಿತ್ತಲ ಬಾಗಲಾ ತಗೀತೇನಿ."