ಚೀಟಿ ಇಲ್ಲದ ಒಂದು ಕಲ್ಲು

ನನ್ನ ಯಜಮಾನರು ಗೋಕಾಕದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಪಗಾರ ಅದಕ್ಕೆ, ಜೀವ ಮಾತ್ರ ಕಲ್ಲಿನ ಮೇಲೆ. ಹುಕ್ಕೇರಿ ಕಡೆಯ ಕರಿಕಲ್ಲು ಯಾವುದೋ ಕಾಲದಲ್ಲಿ ಭೂಮಿ ಬಿರಿದು ಹರಿದ ಲಾವಾ ಎಂದು ಪುಸ್ತಕಗಳಲ್ಲಿ ಇತ್ತು. ಅದು ಒಂದೇ ಸಲ ಹರಿಯಿತೋ, ಅಥವಾ ಹರಿದು, ಆರಿ, ಮೇಲೆ ಮಣ್ಣು ಕೂತು, ಮತ್ತೆ ಹರಿಯಿತೋ ಎಂಬುದು ಅವರ ಪ್ರಶ್ನೆ. ಹತ್ತರಗಿಯಿಂದ ಯಮಕನಮರಡಿಯವರೆಗೆ ಎರಡು ಸಲವಾದರೂ ಹರಿದಿದೆ ಎಂಬುದು ಅವರ ವಾದ.

ಅದಕ್ಕೆ ಸಾಕ್ಷಿ ಬಾವಿಗಳಲ್ಲಿತ್ತು. ಬೇಸಿಗೆಯಲ್ಲಿ ನೀರು ತಳ ಸೇರಿದಾಗ ಗೋಡೆಯ ಪದರಗಳು ಕಾಣುತ್ತವೆ: ಮೇಲೆ ಕರಿಕಲ್ಲು, ನಡುವೆ ಗೇಣುದ್ದ ಕೆಂಪು ಮಣ್ಣು, ಕೆಳಗೆ ಮತ್ತೆ ಕರಿಕಲ್ಲು. ಆ ವರ್ಷ ರಜೆಯಲ್ಲಿ ನಾನೂ ಜೊತೆಗೆ ಹೋದೆ. ಅವರು ಹಗ್ಗ ಹಿಡಿದು ಇಳಿದು ಒಳಗಿನಿಂದ ಕೂಗಿ ಹೇಳುವುದು, ನಾನು ದಂಡೆಯಲ್ಲಿ ಕೂತು ವಹಿಯಲ್ಲಿ ಬರೆಯುವುದು. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ತಿದ್ದಿಸಿದ ಅಕ್ಷರ ನನ್ನದು. ಮದುವೆಯಾದ ಮೇಲೆ ಅದಕ್ಕೊಂದು ಕೆಲಸ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದ್ದೆ.

ಒಂದು ಬಾವಿಯ ಒಡೆಯ ಕೇಳಿದ, "ಮಾಸ್ತರ್ರ, ನೀರಿನ ಸೆಲಿ ನೋಡಾಕತ್ತೀರೇನು?"

"ಇಲ್ರಿ, ಬೆಂಕಿ ಹರದದ್ದು ನೋಡಾಕತ್ತೇನಿ."

"ಬೆಂಕಿ ನೋಡಾಕ ಬಾವಿಗೆ ಯಾಕ ಇಳಿತೀರಿ? ನಮ್ಮ ಮನಿಯಾಕಿ ಬಾಯಾಗ ನೋಡ್ರಿ."

ನನಗೆ ಮಜ್ಜಿಗೆ ತಂದಿದ್ದ ಅವನ ಹೆಂಡತಿ ತಂಬಿಗೆ ಇಳಿಸುತ್ತಲೇ ಅಂದಳು, "ಅದ ಬೆಂಕಿ ಮ್ಯಾಲ ನಿನ್ನ ರೊಟ್ಟಿ ಬೇಯತಾವು. ಸುಮ್ಮನ ಕೂಡು."

ಹಾಗೆ ತಂದ ಕಲ್ಲುಗಳು ಇಪ್ಪತ್ತೊಂದು. ಯಾವ ಬಾವಿ, ಎಷ್ಟು ಆಳ ಎಂದು ಚೀಟಿ ಬರೆದು, ಮೈದಾ ಅಂಟು ಕಾಸಿ, ಪ್ರತಿಯೊಂದಕ್ಕೂ ನಾನೇ ಹಚ್ಚಿದೆ. ಗೋಣಿಚೀಲದಲ್ಲಿ ತುಂಬಿ ಅಟ್ಟದ ಮೇಲಿಟ್ಟೆವು. ನವರಾತ್ರಿಯಲ್ಲಿ ಧಾರವಾಡದಿಂದ ಒಬ್ಬ ಹಿರಿಯ ಪ್ರಾಧ್ಯಾಪಕರು ಬಂದು ನೋಡುವವರಿದ್ದರು. ಅವರು ಒಪ್ಪಿದರೆ ಲೇಖನ ಅಚ್ಚಾಗುತ್ತದೆ, ಇಲ್ಲವಾದರೆ ಇಲ್ಲ.

ನಮ್ಮ ಕಡೆ ನವರಾತ್ರಿಯ ಘಟ ಕೂಡಿಸುವ ಮುನ್ನ ಮನೆಯ ಹಾಸಿಗೆ, ಹೊದಿಕೆ, ಡಬ್ಬಿ, ಬುಟ್ಟಿ ಎಲ್ಲವೂ ನದಿಗೆ ಹೋಗಿ ತೊಳೆದು ಬರಬೇಕು. ತೊಳೆಯದ ವಸ್ತು ಮನೆಯಲ್ಲಿ ಉಳಿಯಕೂಡದು. ನಾನು ಅಡುಗೆಮನೆಗೆ ಸುಣ್ಣ ಬಳಿಯುತ್ತಿದ್ದಾಗ ಅತ್ತೆಯವರು ಓಣಿಯ ಹೆಂಗಸರೊಂದಿಗೆ ಘಟಪ್ರಭೆಗೆ ಹೋಗಿ ಬಂದರು. ಜಗಲಿಯ ಮೇಲೆ ಅಟ್ಟದ ಗೋಣಿಚೀಲದ ಕಲ್ಲುಗಳನ್ನು ಸಾಲಾಗಿ ಹರವಿದರು. ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದ್ದರು. ಒಂದು ಚೀಟಿಯೂ ಉಳಿದಿರಲಿಲ್ಲ.

"ನೋಡವ್ವಾ, ಎಷ್ಟ ಚಂದ ಆಗ್ಯಾವು. ಒಂದ ಮಾತ್ರ ಕೈ ಜಾರಿ ಹೋತು. ಹೊಳ್ಯಾಗ ಕಲ್ಲಿಗೇನು ಕಡಿಮಿ, ನಾಳೆ ಇನ್ನೊಂದು ತಂದ ಕೊಡತೇನಿ."

ಶಾಲೆಯಿಂದ ಬಂದ ಯಜಮಾನರು ಚಪ್ಪಲಿ ಕಳಚದೆ ಹಾಗೇ ನಿಂತರು. ಮಳೆಗಾಲ ಮುಗಿದು ಬಾವಿಗಳು ತುಂಬಿದ್ದವು, ಪದರಗಳೆಲ್ಲ ನೀರಿನೊಳಗೆ. ಮತ್ತೆ ಹೋಗಿ ತರುವ ಮಾತೇ ಇರಲಿಲ್ಲ. ಪ್ರಾಧ್ಯಾಪಕರು ಬರಲು ಮೂರು ದಿನ ಉಳಿದಿತ್ತು.

ನಾನು ವಹಿ ತೆಗೆದುಕೊಂಡು ಕಲ್ಲುಗಳ ಮುಂದೆ ಕೂತೆ. ಬಾವಿಯೊಳಗಿನಿಂದ ಯಜಮಾನರು ಹೇಳಿದ್ದನ್ನು ಬರೆದ ಮೇಲೆ, ಮೇಲಕ್ಕೆ ಬಂದ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿ ನನ್ನದೂ ಒಂದು ಮಾತು ಅಂಚಿನಲ್ಲಿ ಸೇರಿಸಿದ್ದೆ. 'ಹೆಸರುಕಾಳಿನಷ್ಟು ತೂತು, ಒಳಗೆ ಸುಣ್ಣದ ಬಿಳುಪು.' 'ಗಟ್ಟಿ, ಮುಂದಿನ ಹಲ್ಲು ಬಿದ್ದ ಹಾಗೆ ಮೂಲೆ ಮುರಿದಿದೆ.' 'ಶ್ಯಾವಿಗೆಯಂಥ ಉದ್ದ ತೂತು, ಒಂದೇ ಕಡೆ ಬಾಗಿವೆ.' ಆ ತೂತುಗಳೆಲ್ಲ ಲಾವಾದೊಳಗಿನ ಅನಿಲ ಮಾಡಿದ್ದು. ಪದರದ ಮೇಲ್ಭಾಗದಲ್ಲಿ ಗುಳ್ಳೆ ಹೆಚ್ಚು, ನಡುವೆ ಕಲ್ಲು ಗಟ್ಟಿ, ತಳದಲ್ಲಿ ನಳಿಗೆಯಂಥ ತೂತು. ಕಲ್ಲು ಪದರದ ಯಾವ ಭಾಗದ್ದೆಂದು ಅವರು ಹೇಳುತ್ತಿದ್ದರು. ಯಾವ ಬಾವಿಯದೆಂದು ನಾನು ಹೇಳುತ್ತಿದ್ದೆ. ಎರಡು ದಿನಗಳಲ್ಲಿ ಹತ್ತೊಂಬತ್ತು ಕಲ್ಲುಗಳಿಗೆ ಮತ್ತೆ ಚೀಟಿ ಬಂತು.

ಉಳಿದದ್ದು ಒಂದು, ತಳದಲ್ಲಿ ಸುಟ್ಟ ಕೆಂಪು ಮಣ್ಣು ಬೆಸೆದುಕೊಂಡ ಕಲ್ಲು. ವಹಿಯಲ್ಲಿ ಉಳಿದದ್ದು ಎರಡು ಸಾಲು. ಯಮಕನಮರಡಿಯ ಸಾಲಿನಲ್ಲಿ 'ತಳ ಕೆಂಪು' ಎಂದಿತ್ತು. ಹತ್ತರಗಿಯದರಲ್ಲಿ, ಆ ಮಧ್ಯಾಹ್ನದ ಬಿಸಿಲಿಗೆ ಬೇಸತ್ತು, ಬರೀ 'ಮೇಲಿನಂತೆ' ಎಂದು ಗೀಚಿದ್ದೆ. ಎರಡರಲ್ಲಿ ಒಂದು ನದಿ ಸೇರಿತ್ತು. ಯಾವುದು?

"ಹತ್ತರಗಿ ಅಂತ ಬರಿ," ಅಂದರು ಯಜಮಾನರು. ಹತ್ತರಗಿಯಿಂದ ತಂದ ಕಲ್ಲುಗಳಲ್ಲಿ ಎರಡು ಪ್ರವಾಹಗಳ ಗಡಿ ತೋರಿಸುವುದು ಅದೊಂದೇ.

"ನನಗ ಗೊತ್ತಿಲ್ರಿ."

"ಅರ್ಧ ಸಾಧ್ಯತೆ ಐತಲ್ಲ."

"ಅರ್ಧ ಗೊತ್ತಿದ್ದದ್ದನ್ನ ಈ ಕೈಲೆ ಪೂರ್ತಿ ಹೆಂಗ ಬರೀಲಿ?"

"ಒಂದು ಕಲ್ಲಿನ ಸಲುವಾಗಿ ಇಡೀ ಕೆಲಸ ಮುಳುಗಸ್ತಿ ನೀ." ಹಾಗೆ ಅಂದು ಊಟಕ್ಕೆ ಎದ್ದರು. ಆದರೆ ತಾವೂ ಆ ಚೀಟಿ ಬರೆಯಲಿಲ್ಲ.

ಪ್ರಾಧ್ಯಾಪಕರು ಬಂದಾಗ ತೊಳೆದ ಸುದ್ದಿಯನ್ನು ಯಜಮಾನರೇ ಮೊದಲು ಹೇಳಿಬಿಟ್ಟರು. ಪ್ರಾಧ್ಯಾಪಕರು ಒಂದೊಂದೇ ಕಲ್ಲನ್ನು ಭೂತಗನ್ನಡಿಯಲ್ಲಿ ನೋಡುತ್ತ, ವಹಿಗೆ ತಾಳೆ ಹಚ್ಚುತ್ತ ಹೋದರು. ಶ್ಯಾವಿಗೆಯ ಸಾಲಿಗೆ ಮೀಸೆಯಲ್ಲಿ ನಕ್ಕರು. ಕೊನೆಗೆ ಪಕ್ಕಕ್ಕಿಟ್ಟಿದ್ದ ಕಲ್ಲನ್ನು ಎತ್ತಿಕೊಂಡರು.

"ಇದಕ್ಯಾಕ ಚೀಟಿ ಇಲ್ಲ?"

ಯಜಮಾನರು ನನ್ನ ಕಡೆ ನೋಡಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, 'ಮೇಲಿನಂತೆ' ಬರೆದ ನನ್ನ ಸೋಮಾರಿತನವನ್ನೂ ಬಿಡದೆ ಹೇಳಿದೆ.

"ತೊಳದ ಕಲ್ಲು ಅಂದಾಗಿನಿಂದ ಇವನ್ನ ಹೆಂಗ ನಂಬೋದು ಅಂತ ವಿಚಾರ ಮಾಡಾಕತ್ತಿದ್ದೆ," ಅಂದರು ಪ್ರಾಧ್ಯಾಪಕರು. "ಇದೊಂದನ್ನ ಬಿಟ್ಟಿರಲ್ಲ ತಂಗಿ, ಉಳದಾವನ್ನ ನಂಬತೇನಿ. ಹತ್ತರಗಿ ಮುಂದಿನ ಬ್ಯಾಸಗಿಗೆ ನೋಡೂಣು."

ಎರಡು ಸಲ ಹರಿದಿದೆ ಎಂಬ ವಾದ ಉಳಿದ ಕಲ್ಲುಗಳ ಬಲದಿಂದ ನಿಂತಿತು. ನಕಾಶೆಯಲ್ಲಿ ಹತ್ತರಗಿಯ ಜಾಗವನ್ನು ಮಾತ್ರ ಖಾಲಿ ಬಿಡಬೇಕಾಯಿತು.

ಲೇಖನ ಅಚ್ಚಾಗಿ ಬಂದಾಗ ಅದರಲ್ಲಿ ನನ್ನ ಹೆಸರಿರಲಿಲ್ಲ. ಇರಬೇಕೆಂದು ನನಗೆ ಅನಿಸಿಯೂ ಇರಲಿಲ್ಲ. ಆದರೆ ಒಳಗೊಂದು ಸಾಲು ಇತ್ತು: ಒಂದು ಮಾದರಿಯ ಸ್ಥಳ ಖಚಿತವಿಲ್ಲವಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಆ ಸಾಲಿನ ಇಂಗ್ಲಿಷನ್ನು ನಾನು ಎಷ್ಟು ಸಲ ಓದಿದೆನೋ. ಅತ್ತೆಯವರಿಗೆ ಕನ್ನಡದಲ್ಲಿ ಹೇಳಿದೆ. ಅವರು ಕೇಳಿದರು, "ಅಂದ್ರ ನಾ ತೊಳದ ಕಲ್ಲಿನ ಸುದ್ದಿ ಹೌದಲ್ಲ?"

ಹೌದೆಂದೆ. ಸಂಜೆಯೊಳಗೆ ಓಣಿಗೆಲ್ಲ ಅದು ಗೊತ್ತಾಗಿತ್ತು.