ಕೈಗುಣದ ಡಾಕ್ಟರು

ಮೊನ್ನೆ ರಸೆಲ್ ಮಾರುಕಟ್ಟೆಯಲ್ಲಿ ಮಸಾಲೆ ಅಂಗಡಿಯವನು ಲವಂಗದ ಡಬ್ಬಿಯ ಮುಚ್ಚಳ ತೆಗೆದ. ಆ ವಾಸನೆಗೆ ಡಾಕ್ಟರು ಎದುರಿಗೆ ಬಂದು ನಿಂತಂತಾಯಿತು. ದವಡೆಯಲ್ಲಿ ಸದಾ ಒಂದು ಲವಂಗ, ಮುಖದ ಮೇಲೆ ಊರನ್ನೇ ಉದ್ಧಾರ ಮಾಡುವ ಕಳೆ...

ದೊಮ್ಮಲೂರಿನ ಗಲ್ಲಿಯೊಂದರಲ್ಲಿ ಅವರ ನರ್ಸಿಂಗ್ ಹೋಮ್. ನಾವು ಕಲಬುರಗಿ ಕಡೆಯಿಂದ ಬಂದು ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಲ್ಲಿದ್ದೆವು. ನಾನು ಚೊಚ್ಚಲ ಬಸುರಿ. ಏಳನೇ ತಿಂಗಳಲ್ಲಿ ಬಿಪಿ ಏರಿತ್ತು, ಮಗು ಸರಿಯಾಗಿ ಬೆಳೆದಿರಲಿಲ್ಲ, ಹೊಕ್ಕುಳಬಳ್ಳಿಯಲ್ಲಿ ರಕ್ತ ನಿಂತು ನಿಂತು ಹರಿಯುತ್ತಿತ್ತು. ಬೇಗ ಹೆರಿಗೆ ಮಾಡಿಸಬೇಕಾದೀತೆಂದು, ಮಗುವಿನ ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಮರುದಿನದ ಸ್ಕ್ಯಾನಿನಲ್ಲಿ ರಕ್ತ ಸರಾಗವಾಗಿ ಹರಿಯುತ್ತಿತ್ತು.

ಡಾಕ್ಟರು ತಮ್ಮ ಅಂಗೈಯನ್ನು ನನ್ನ ಮುಂದೆ ಹಿಡಿದರು. “ನೋಡಮ್ಮಾ, ಇದಕ್ಕೇ ಕೈಗುಣ ಅನ್ನೋದು. ಡೇಂಜರ್ ಎಲ್ಲಾ ಮುಗೀತು. ಮನೆಗ್ ಹೋಗಿ ಸೀಮಂತ, ನಿಮ್ ಕಡೆ ಕುಬಸ ಅಂತೀರಲ್ಲ, ಅದನ್ನ ಮಾಡಿಸ್ಕೋ.”

“ಮತ್ತ ಸ್ಕ್ಯಾನಿಂಗಿಗೆ ಯಾವಾಗ ಬರ್ಲಿರೀ ಸರ?” ಎಂದೆ.

“ನಾನ್ ಹೇಳಿದ್ಮೇಲೆ ಮುಗೀತು. ನಿಮ್ ಕಡೆಯೋರಿಗೆ ಅನುಮಾನ ಜಾಸ್ತಿ ಕಣಮ್ಮಾ.”

ನನ್ನ ಅತ್ತೆ ಅವರ ಕಾಲಿಗೆ ಬಿದ್ದರು. ಮಹಾನುಭಾವರು ಕಾಲನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ, ಇನ್ನಷ್ಟು ಮುಂದಕ್ಕೆ ಚಾಚಿದರು.

ಕುಬಸದ ದಿನ ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ತೊಡಿಸಿದರು. ಹೆಂಗಸರು ಉಡಿ ತುಂಬುತ್ತಿದ್ದಾಗ ನನಗೆ ಹೊಳೆಯಿತು, ಬೆಳಗಿನಿಂದ ಮಗು ಮಿಸುಕಿರಲಿಲ್ಲ...

ಬಳೆಯ ಕೈಯಲ್ಲೇ ಇನ್ನೊಂದು ಆಸ್ಪತ್ರೆಗೆ ಹೋಗಿ ಸತ್ತ ಹೆಣ್ಣುಮಗುವನ್ನು ಹೆತ್ತೆ. ಅಲ್ಲಿನ ಡಾಕ್ಟರಮ್ಮ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದರು. ಆ ಇಂಜೆಕ್ಷನ್ ಕೊಟ್ಟದ್ದು ತಪ್ಪಲ್ಲ. ಆದರೆ ಅದರಿಂದ ಬಳ್ಳಿಯ ರಕ್ತದ ಹರಿವು ಕೆಲವು ದಿನ ಸುಧಾರಿಸಿದಂತೆ ಕಾಣುವುದುಂಟು, ಕಾಯಿಲೆ ಹೋಗಿರುವುದಿಲ್ಲ. ಅಲ್ಲೇ ಇರಿಸಿಕೊಂಡು ಮತ್ತೆ ಮತ್ತೆ ಸ್ಕ್ಯಾನ್ ಮಾಡಬೇಕಿತ್ತು. ದೊಮ್ಮಲೂರಿನ ಡಾಕ್ಟರು ಇಂಜೆಕ್ಷನ್ನಿನ ಗುಣವನ್ನು ತಮ್ಮ ಕೈಗುಣವೆಂದುಕೊಂಡು ಬೀಗಿದ್ದರು.

ನನ್ನ ಗಂಡ ಹೋಗಿ ಕೇಳಿದಾಗ ಲವಂಗ ಅಗಿಯುತ್ತಲೇ, “ಎಲ್ಲಾ ದೇವರ ಇಚ್ಛೆ ಕಣಪ್ಪಾ” ಎಂದರಂತೆ. ರಕ್ತ ಹರಿದಾಗ ಇವರ ಕೈ, ನಿಂತಾಗ ದೇವರ ಕೈ! ಎಂಥ ನಾಚಿಕೆಗೆಟ್ಟ ಮನುಷ್ಯ.

ಅವರು ತೀರಿಕೊಂಡು ಕೆಲವು ವರ್ಷವಾಯಿತು. ನರ್ಸಿಂಗ್ ಹೋಮ್ ಇದ್ದಲ್ಲಿ ಈಗ ಪಿ.ಜಿ. ಹಾಸ್ಟೆಲ್ ಎದ್ದಿದೆ. ಹೋದವರನ್ನು ಬೈಯಬೇಡ ಅನ್ನುತ್ತಾನೆ ನನ್ನ ಗಂಡ. ನಾನು ಬೈಯುತ್ತೇನೆ.

“ಲವಂಗ ಎಷ್ಟು ಹಾಕ್ಲಿ ಅಕ್ಕಾ?” ಎಂದ ಅಂಗಡಿಯವನು.

“ಬ್ಯಾಡಪಾ” ಎಂದು ಚೀಲ ಎತ್ತಿಕೊಂಡೆ. ಭಾರವಿತ್ತು. ಮಗಳು ಬದುಕಿದ್ದರೆ ಒಂದು ಹಿಡಿಕೆಯನ್ನು ಅವಳು ಹಿಡಿದುಕೊಳ್ಳುತ್ತಿದ್ದಳು.