ಅವ್ವನ ಕೈಗೆ ಪಟ್ಟಿ, ನನ್ನ ಕೈಗೆ ಸೂಜಿ

ನನಗೆ ಹೊಲಿಗೆ ಬರುವುದಿಲ್ಲ ಎಂಬುದನ್ನು ನಮ್ಮವ್ವ ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದವಳು. ಹೊಲಿಗೆ ಮಾತ್ರವಲ್ಲ, ರೊಟ್ಟಿ ತಟ್ಟುವುದು, ನೆಲ ಸಾರಿಸುವುದು, ಸೊಪ್ಪು ಬಿಡಿಸುವುದು ಯಾವುದೂ ಬರುವುದಿಲ್ಲ ಎಂದು. ನಾನು ಓದುತ್ತಿದ್ದ ಕಾಲದಲ್ಲಿ ನೆಂಟರು ಬಂದು, "ಹೆಣ್ಮಗೀಗೆ ಏನೂ ಕಲ್ಸಿಲ್ವಲ್ಲ ನೀನು" ಎಂದರೆ, "ಅವ್ಳಿಗೆ ಓದೋ ಕೆಲ್ಸ ಅದೆ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು.

ನಮ್ಮ ಮನೆತನದಲ್ಲಿ ಕಾಲೇಜಿಗೆ ಹೋದವರಲ್ಲಿ ನಾನೇ ಮೊದಲು. ಬೆಳಿಗ್ಗೆ ಆರರ ಬಸ್ಸಿಗೆ ಊರು ಬಿಟ್ಟು ಮೈಸೂರಿಗೆ ಬರುವುದು, ಸಂಜೆ ಏಳಕ್ಕೆ ಮನೆ ಸೇರುವುದು. ಹಾಗೆ ಮೂರು ವರ್ಷ ಓಡಾಡಿ ಬಿ.ಎಸ್ಸಿ. ಮಾಡಿದೆ, ಆಮೇಲೆ ಬಿ.ಎಡ್. ಈಗ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಆ ಡಿಗ್ರಿಯ ಬಗ್ಗೆ ನನಗೆ ಸಂಕೋಚವಿಲ್ಲ, ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಅಷ್ಟೂ ವರ್ಷ ನನ್ನ ಪಾಲಿನ ಮನೆಗೆಲಸವನ್ನು ಅವ್ವನೇ ಮಾಡಿದಳು. ನಾನು ಪೊರಕೆ ಮುಟ್ಟಿದರೆ ಕಸಿದುಕೊಳ್ಳುತ್ತಿದ್ದಳು.

ಇದರ ಫಲ ಉಂಡವರು ನಮ್ಮ ಮನೆಯವರು. ಮದುವೆಯಾದ ಹೊಸತರಲ್ಲಿ ಕೃಷ್ಣಮೂರ್ತಿಪುರಂನ ಬಾಡಿಗೆ ಮನೆಯಲ್ಲಿ ನಾನು ಮೊದಲ ಸಲ ರಾಗಿ ಮುದ್ದೆ ತಿರುವಿದೆ. ಅವರು ಮುರಿದು ನೋಡಿ, "ಪರವಾಗಿಲ್ಲ ಕಣೆ, ಮಧ್ಯದಲ್ಲಿ ಸ್ವಲ್ಪ ಹಿಟ್ಟು ನಾಳೆಗೆ ಉಳಿದಿದೆ" ಎಂದರು. ಅಲ್ಲಿಂದ ಹಟ ಹಿಡಿದು ಒಂದೊಂದೇ ಕಲಿತೆ. ಇವತ್ತು ನನ್ನ ಮುದ್ದೆಯಲ್ಲಿ ಯಾರೂ ಗಂಟು ಹುಡುಕಲಾರರು. ಉಪ್ಪಿನಕಾಯಿ, ಸಂಡಿಗೆ, ಹುಳಿಪುಡಿ ಎಲ್ಲ ಮನೆಯಲ್ಲೇ. ಸೂಜಿ ಒಂದನ್ನು ಮಾತ್ರ ಮುಟ್ಟಿರಲಿಲ್ಲ. ಗುಂಡಿ ಕಿತ್ತರೂ ಅಗ್ರಹಾರದ ಟೈಲರ್ ಹತ್ತಿರ ಕೊಟ್ಟು ಬರುತ್ತಿದ್ದೆ.

ಹೋದ ವರ್ಷ ನನ್ನ ತಂಗಿ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೇ ಬಂದಳು. ಊರಿಗಿಂತ ಇಲ್ಲಿ ಆಸ್ಪತ್ರೆ ಹತ್ತಿರ ಅಂತ. ತಂಗಿಯೂ ಡಿಗ್ರಿಯವಳೇ, ಮೈಸೂರಿನದೇ ಹೆಬ್ಬಾಳದ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಕೆಲಸ. ನನ್ನ ಹಿಂದೆಯೇ ಓದಿದವಳು, ಹಾಗಾಗಿ ಅವಳಿಗೂ ಸೂಜಿಯ ಗುರುತು ಇಲ್ಲ. ಅವಳಿಗೆ ಎಂಟು ತಿಂಗಳು ತುಂಬಿದಾಗ ಅವ್ವ ಬಾಣಂತನ ಮಾಡಲು ಹೊರಟವಳು, ಹೊರಡುವ ಮುನ್ನಾದಿನ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಮಣಿಕಟ್ಟಿನಿಂದ ಮೊಣಕೈವರೆಗೆ ಬಿಳೀ ಪಟ್ಟಿ ಕಟ್ಟಿಸಿಕೊಂಡು, ಎಡಗೈಯಲ್ಲಿ ಒಂದು ಬಟ್ಟೆಗಂಟು ಹಿಡಿದುಕೊಂಡು ಬಸ್ಸಿಳಿದಳು.

ಗಂಟಿನಲ್ಲಿದ್ದದ್ದು ಅವಳ ಹಳೇ ವಾಯಿಲ್ ಸೀರೆಗಳು, ಅಪ್ಪನ ಸವೆದ ಪಂಚೆಗಳು. ಕೌದಿಗೆ. ನಮ್ಮಲ್ಲಿ ಹುಟ್ಟಿದ ಮಗುವಿಗೆ ಹೊಸ ಬಟ್ಟೆ ತಾಗಿಸುವುದಿಲ್ಲ. ಮನೆಯವರು ಉಟ್ಟು ಒಗೆದು ಮೆತ್ತಗಾದ ಹಳೇ ಬಟ್ಟೆಯೇ ಆಗಬೇಕು. ಅದನ್ನು ಪದರ ಪದರವಾಗಿ ಹಾಕಿ, ಕೈಯಲ್ಲೇ ಹೊಲಿದು ತವರಿನವರು ಕೌದಿ ಮಾಡುತ್ತಾರೆ. ನಾಮಕರಣದ ದಿನ ಮಗುವನ್ನು ತೊಟ್ಟಿಲಿಗೆ ಹಾಕುವಾಗ ಕೆಳಗೆ ಆ ಕೌದಿ ಇರಬೇಕು. ನಾನು, ತಂಗಿ ಅವ್ವನ ತವರಿನ ಕೌದಿಯಲ್ಲಿ, ನನ್ನ ಮಗಳು ಅವ್ವ ಹೊಲಿದ ಕೌದಿಯಲ್ಲಿ ಮಲಗಿದವರೇ. ಊರಿನ ಹೆಂಗಸರು ನಾಮಕರಣಕ್ಕೆ ಬಂದರೆ ಮಗುವಿನ ಮುಖ ನೋಡುವ ಮೊದಲು ಕೌದಿಯ ಅಂಚು ಎತ್ತಿ ಹೊಲಿಗೆ ನೋಡುತ್ತಾರೆ.

"ಟೈಲರ್‌ಗೆ ಕೊಟ್ಬುಡು ಮಗ, ಮಿಷನ್ನಲ್ಲಿ ಒಡ್ಕೊಡ್ತಾನೆ" ಎಂದಳು ಅವ್ವ.

ಗಂಟು ತೆಗೆದುಕೊಂಡು ಹೋದೆ. ಟೈಲರ್ ಪದರಗಳನ್ನು ಹಿಸುಕಿ ನೋಡಿ, "ಮೇಡಂ, ಹೊಲಿಯಕ್ಕೇನು, ಹೊಲಿದುಕೊಡ್ತೀನಿ. ಆದ್ರೆ ಮಿಷನ್ ಹೊಲಿಗೆ ಗಡುಸಾಗುತ್ತೆ, ಎಳೇ ಮಗು ಬೆನ್ನಿಗೆ ಒತ್ತುತ್ತೆ. ಇದು ಮನೇಲಿ ಅಮ್ಮಂದಿರು ಮಾಡೋ ಕೆಲಸ ಕಣ್ರೀ" ಎಂದ. ದುಡ್ಡು ಕೊಟ್ಟು ಹೊಲಿಸುವ ಕಡೆಯೂ ಇಂಥ ಮಾತು ಕೇಳಬೇಕಾಯಿತಲ್ಲ ಅಂತ ರೇಗಿತು. ಅಲ್ಲೇ ಎದುರು ಅಂಗಡಿಯಲ್ಲಿ ಒಂದು ಸೂಜಿ ಪೊಟ್ಟಣ, ಆರು ಉಂಡೆ ಬಿಳೀ ದಾರ ತೆಗೆದುಕೊಂಡು ಮನೆಗೆ ಬಂದೆ.

"ನಾನೇ ಹೊಲಿತೀನಿ" ಎಂದೆ.

ಅವ್ವನ ಮುಖ ಸಪ್ಪಗಾಯಿತು. "ನಿಂಗ್ಯಾಕವ್ವ ಇದೆಲ್ಲಾ. ಸ್ಕೂಲಿಂದ ಸುಸ್ತಾಗಿ ಬತ್ತೀಯ. ಪೇಪರ್ ತಿದ್ದೋದಿರ್ತದೆ."

"ಅಕ್ಕ ಹೊಲಿದ್ರೆ ಮಗು ಮಲಗೋದು ಕೌದಿ ಮೇಲಲ್ಲ, ಸೂಜಿ ಮೇಲೆ" ಎಂದು ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಾನು ಹಟ ಬಿಡಲಿಲ್ಲ. ಹೆರಿಗೆಗೆ ಇನ್ನೂ ಐದು ವಾರವಿತ್ತು. ದಿನಾ ಸಂಜೆ ಒಂದೊಂದು ಗಂಟೆ ಕೂತರೆ ಆಗುತ್ತದೆ ಎಂದು ಲೆಕ್ಕ ಹಾಕಿದೆ. ಲೆಕ್ಕ ನನ್ನ ವಿಷಯ ತಾನೆ. ನಡುಮನೆಯಲ್ಲಿ ಚಾಪೆ ಹಾಕಿ, ಕೆಳಗೊಂದು ಸೀರೆ, ಮಧ್ಯೆ ನಾಲ್ಕು ಪದರ ಪಂಚೆ, ಮೇಲೊಂದು ಸೀರೆ ಹರಡಿದೆ. ಅವ್ವನ ಹಾಗೆ ಕಣ್ಣಳತೆಯಲ್ಲಿ ಹೊಲಿಯಲು ನನಗೆ ಧೈರ್ಯವಿಲ್ಲ. ಅದಕ್ಕೆ ಸ್ಕೂಲಿನಿಂದ ಉದ್ದನೆಯ ಮರದ ಸ್ಕೇಲು ತಂದು, ಬಟ್ಟೆಯ ಮೇಲೆ ಅರ್ಧರ್ಧ ಇಂಚಿಗೆ ಗೆರೆ ಎಳೆದೆ. ಪೆನ್ಸಿಲ್ ಗೆರೆ ವಾಯಿಲ್ ಮೇಲೆ ಕಾಣುತ್ತಿರಲಿಲ್ಲ, ಬಾಲ್‌ಪೆನ್ನಿನಲ್ಲೇ ಎಳೆದೆ.

ಅವ್ವ ಕುರ್ಚಿಯ ಮೇಲೆ ಕೂತು ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಎಲ್ಲವನ್ನೂ ನೋಡಿದಳು. ಆಮೇಲೆ ಕೇಳಿದಳು, "ಮಗೀನ ಕಾಪಿ ಪುಸ್ತ್ಕದ್ ಮ್ಯಾಲೆ ಮಲಗಿಸ್ತೀಯೇನವ್ವ?"

ಒಗೆದರೆ ಹೋಗುತ್ತದೆ ಎಂದೆ. ಹೋಗಲಿಲ್ಲ, ಅದು ಆಮೇಲಿನ ಮಾತು.

ಮೊದಲ ವಾರ ನನ್ನ ಹೊಲಿಗೆ ಗೆರೆ ಬಿಟ್ಟು ಕದಲಲಿಲ್ಲ. ಎಡಗೈ ಹೆಬ್ಬೆರಳಿಗೆ ಎಷ್ಟು ಸಲ ಚುಚ್ಚಿತೆಂದರೆ ಹಾಜರಿ ಪುಸ್ತಕ ಹಿಡಿದರೂ ಉರಿಯುತ್ತಿತ್ತು. ಆದರೂ ಒಂದೊಂದು ಸಾಲು ಮುಗಿದಾಗ ಆಗುವ ಖುಷಿಯನ್ನು ಹೇಗೆ ಹೇಳಲಿ. ಒಂದು ಕಷ್ಟದ ಲೆಕ್ಕ ಬಿಡಿಸಿ ಕೆಳಗೆ ಎರಡು ಗೆರೆ ಎಳೆದ ಹಾಗೆ. ಸ್ಟಾಫ್ ರೂಮಿನಲ್ಲಿ ಕೂತಾಗಲೂ ಮನಸ್ಸು ಚಾಪೆಯ ಮೇಲಿರುತ್ತಿತ್ತು. ಮನೆಯವರು ಕಾಫಿ ಮಾಡಿ ತಂದು ಪಕ್ಕದಲ್ಲಿಟ್ಟು, "ಎಷ್ಟನೇ ಸಾಲು?" ಎಂದು ಕೇಳಿ ಹೋಗುತ್ತಿದ್ದರು, ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ.

ಎರಡನೇ ವಾರ ತಪ್ಪು ಕಾಣಿಸಿಕೊಂಡಿತು. ನಾನು ನಾಲ್ಕೂ ಅಂಚಿನಿಂದ ಹೊಲಿಯುತ್ತ ಒಳಗೆ ಬಂದಿದ್ದೆ. ಮೊದಲೇ ಪದರಗಳನ್ನು ದೊಡ್ಡ ದೊಡ್ಡ ಹೊಲಿಗೆಯಲ್ಲಿ ಹಿಡಿದಿಟ್ಟುಕೊಳ್ಳಬೇಕಿತ್ತು, ಅದನ್ನು ಮಾಡಿರಲಿಲ್ಲ. ಸಡಿಲವಾಗಿದ್ದ ಬಟ್ಟೆಯೆಲ್ಲ ಸರಿದು ಸರಿದು ನಡುವೆ ಬಂದು ಸೇರಿ ಕೌದಿಗೆ ಹೊಟ್ಟೆ ಬಂದಿತ್ತು. ನೆಲದ ಮೇಲೆ ಹಾಸಿದರೆ ಕೆಳಗೆ ಯಾರೋ ತಟ್ಟೆ ಬೋರಲು ಹಾಕಿದಂತೆ ಉಬ್ಬಿಕೊಂಡಿತ್ತು.

"ನಂಗಿಂತ ಅದಕ್ಕೇ ಮೊದ್ಲು ಹೆರಿಗೆ ಆಗುತ್ತೆ ಅಕ್ಕ" ಎಂದಳು ತಂಗಿ.

ನನಗೆ ನಗು ಬರಲಿಲ್ಲ. ಅವ್ವನನ್ನು ಕೇಳಿದೆ, "ನೀನು ನೋಡ್ತಾನೇ ಇದ್ದೆಯಲ್ಲವ್ವ, ಮೊದಲೇ ಹೇಳಬಾರದಿತ್ತಾ?"

"ಓದಿರೋಳು, ಗೆರೆ ಬ್ಯಾರೆ ಎಳ್ದಿದ್ದೆ. ಏನೋ ಹೊಸಾ ಕ್ರಮ ಇರ್ಬೇಕು ಅನ್ಕೊಂಡೆ" ಎಂದಳು.

ಅಣಕವೋ ನಿಜವೋ ತಿಳಿಯಲಿಲ್ಲ. ಬಹುಶಃ ನಿಜವೇ. ಬೇರೆ ಹೆಣ್ಣುಮಕ್ಕಳ ಕೈಕೆಲಸ ಕಂಡರೆ ಅವ್ವ ಸುಮ್ಮನಿರುವವಳಲ್ಲ. ನಮ್ಮ ಚಿಕ್ಕಪ್ಪನ ಮಗಳು ಹಚ್ಚಿದ ಹುರುಳಿಕಾಯಿಯ ಬಗ್ಗೆ ಇಡೀ ಮದುವೆ ಮನೆಯಲ್ಲಿ ಮಾತಾಡಿದ್ದಳು. ನನಗೆ ಮಾತ್ರ ಏನೂ ಅನ್ನುವುದಿಲ್ಲ. ನಾನು ಹೊಲಿದು ತೋರಿಸಿದರೆ, ಮನೆಗೆ ಬಂದ ಮೇಷ್ಟರು ಸಾರು ಬಡಿಸಲು ಎದ್ದರೆ ನೋಡುವ ಹಾಗೆ ನೋಡುತ್ತಾಳೆ. ಆ ನೋಟವೇ ನನಗೆ ಸೂಜಿಗಿಂತ ಹೆಚ್ಚು ಚುಚ್ಚುತ್ತಿತ್ತು. ಈ ಕೌದಿಯನ್ನು ನಾನು ಹೊಲಿದೆ ಅಂತ ಅವ್ವ ನಾಲ್ಕು ಜನರ ಮುಂದೆ ಒಪ್ಪಬೇಕು ಎಂದು ಆಗಲೇ ಮನಸ್ಸಿಗೆ ಬಂದದ್ದು. ಅದಕ್ಕೋಸ್ಕರವೇ ಎಂಟು ಸಾಲು ಬಿಚ್ಚಿದೆ.

ಬಿಚ್ಚುವುದು ಹೊಲಿಯುವುದಕ್ಕಿಂತ ಕಷ್ಟ. ಬಿಚ್ಚಿ, ಪದರ ಎಳೆದು ಸರಿಮಾಡಿ, ಮತ್ತೆ ಹಿಡಿದು ಹೊಲಿದೆ. ಉಬ್ಬು ಪೂರ್ತಿ ಹೋಗಲಿಲ್ಲ, ಅರ್ಧಕ್ಕೆ ಇಳಿಯಿತು. ಪದರ ಎಳೆದಾಗ ಹಳೇ ಗೆರೆಗಳೂ ಸರಿದಿದ್ದವು, ಈ ಸಲ ಅವನ್ನು ಬಿಟ್ಟು ಹೊಲಿದಿದ್ದರಿಂದ ಸಾಲುಗಳು ಸೊಟ್ಟಗೆ ಹೋದವು. ಇನ್ನು ನಡುವಿನ ಒಂದು ಗೇಣು ಜಾಗ ಬಾಕಿ ಇದೆ ಎನ್ನುವಾಗ, ಹತ್ತು ದಿನ ಮೊದಲೇ ತಂಗಿಗೆ ನೋವು ಬಂತು. ಆಸ್ಪತ್ರೆಗೆ ಹೊರಡುವಾಗ ಬಟ್ಟೆಬುಟ್ಟಿಯ ಜೊತೆ ಕೌದಿಯನ್ನೂ ತೆಗೆದುಕೊಂಡೆ. ಹೆರಿಗೆ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಹೊಲಿದೆ. ನರ್ಸಮ್ಮ ಒಬ್ಬರು ಆ ಕಡೆ ಹೋಗುವಾಗ ಒಂದು ಸಲ, ಈ ಕಡೆ ಬರುವಾಗ ಒಂದು ಸಲ ನೋಡಿ, "ಇನ್ನೂ ಮುಗಿದಿಲ್ವಾ ಮೇಡಂ? ನಿಮ್ ತಂಗೀದು ಮುಗೀತು ನೋಡಿ, ಹೆಣ್ಣು ಮಗು" ಎಂದರು. ಸೂಜಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಎದ್ದು ಓಡಿದೆ.

ಉಳಿದದ್ದನ್ನು ಮನೆಗೆ ಬಂದ ಮೇಲೆ ಮುಗಿಸಿ, ಬಿಸಿನೀರಿನಲ್ಲಿ ಒಗೆದು ಒಣಗಿಸಿದೆ. ಬಾಲ್‌ಪೆನ್ನಿನ ಗೆರೆ ಹೋಗುವ ಬದಲು ಹರಡಿಕೊಂಡು ಸೀರೆಯ ಹಳದಿ ಹೂವಿನ ಮೇಲೆಲ್ಲ ತಿಳಿನೀಲಿ ಕಲೆಯಾಯಿತು.

ನಾಮಕರಣಕ್ಕೆ ಊರಿಂದ ಒಂದು ವ್ಯಾನ್ ತುಂಬ ಜನ ಬಂದರು. ಅಷ್ಟರಲ್ಲಿ ಅವ್ವನ ಕೈಯ ಪಟ್ಟಿ ಬಿಚ್ಚಿದ್ದರು, ಆದರೆ ಲೋಟ ಹಿಡಿಯುವಷ್ಟು ಬಲವೂ ಬಂದಿರಲಿಲ್ಲ. ಸೋಬಾನೆ ಹಾಡಿ ಮಗುವನ್ನು ತೊಟ್ಟಿಲಿಗೆ ಹಾಕಿದ್ದಾಯಿತು. ನಾನು ಕೋಸಂಬರಿ ಪಾತ್ರೆ ಹಿಡಿದು ಅಡುಗೆಮನೆಯಿಂದ ನಡುಮನೆಗೆ ಬರುವಾಗ, ಅವ್ವನ ಅಕ್ಕ, ನಮ್ಮ ದೊಡ್ಡವ್ವ, ತೊಟ್ಟಿಲ ಮೇಲೆ ಬಗ್ಗಿ ಕೌದಿಯ ಅಂಚು ಎತ್ತಿದ್ದಳು.

"ಯಾರವ್ವ ಇದ ಒಲ್ದೋರು? ಕುಡುದು ನೇಗ್ಲು ಹೊಡ್ದಂಗದೆ."

ಹೆಂಗಸರೆಲ್ಲ ನಕ್ಕರು. ಅವ್ವ ಒಂದು ಗಳಿಗೆಯೂ ತಡೆಯಲಿಲ್ಲ. "ನಾನೇ ಕಣಕ್ಕ. ಬಲಗೈ ಮುರ್ದಿತ್ತಲ್ಲ, ಎಡಗೈಲಿ ಎಂಗೋ ಒಲ್ದೆ. ತವರಿನ ಕೌದಿ ಅಲ್ವ, ಬುಡಕಾಯ್ತದಾ?"

"ಅಯ್ಯೋ ನನ್ನವ್ವ, ಅಂಥಾ ಕೈಲಿ ಇಷ್ಟು ಒಲ್ದಿದ್ದೀಯಲ್ಲ" ಎಂದು ದೊಡ್ಡವ್ವ ಅವ್ವನ ಕೈ ಸವರಿದಳು. ನಕ್ಕವರೆಲ್ಲ ಈಗ ಅವ್ವನನ್ನು ಕೊಂಡಾಡತೊಡಗಿದರು. ಮಂಚದ ಮೇಲೆ ಕೂತಿದ್ದ ನನ್ನ ತಂಗಿ ನನ್ನ ಮುಖ ನೋಡಿ, ತುಟಿ ಕಚ್ಚಿಕೊಂಡು ಗೋಡೆ ಕಡೆ ತಿರುಗಿದಳು.

ಅವ್ವ ಯಾಕೆ ಹಾಗೆ ಹೇಳಿದಳೆಂದು ನನಗೆ ತಕ್ಷಣ ಗೊತ್ತಾಯಿತು. ಓದಿದ ಮಗಳನ್ನು ನಾಲ್ಕು ಜನ ನೋಡಿ ನಗಬಾರದು. ಸೊಟ್ಟ ಹೊಲಿಗೆಯನ್ನೂ ನನ್ನ ಪಾಲಿನ ಮನೆಗೆಲಸದ ಹಾಗೆ ತನ್ನ ಲೆಕ್ಕಕ್ಕೆ ಹಾಕಿಕೊಂಡಳು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ನಾನು ಯಾವ ಪರೀಕ್ಷೆಯಲ್ಲೂ ಕಾಪಿ ಹೊಡೆದವಳಲ್ಲ, ಯಾರಿಗೂ ಹೊಡೆಯಲು ಬಿಟ್ಟವಳಲ್ಲ. ನನ್ನ ಉತ್ತರ ಪತ್ರಿಕೆಯ ಮೇಲೆ ಇನ್ನೊಬ್ಬರ ನಂಬರು ಬರೆದರೆ, ಅದು ಎಷ್ಟೇ ಕಡಿಮೆ ಅಂಕದ ಪತ್ರಿಕೆಯಾಗಲಿ, ನೋಡಿಕೊಂಡು ಇರುವುದು ನನ್ನಿಂದ ಆಗಲಿಲ್ಲ.

"ದೊಡ್ಡವ್ವ, ಅದನ್ನ ಹೊಲಿದಿದ್ದು ನಾನು" ಎಂದೆ.

ಎಲ್ಲರೂ ತಿರುಗಿದರು. ಅವ್ವ ಹಲ್ಲು ಕಚ್ಚಿ, "ಬಾಯ್ ಮುಚ್ಕೊಂಡಿದ್ರೆ ಏನಾಯ್ತಿತ್ತು ನಿಂಗೆ" ಎಂದು ಗೊಣಗಿದಳು.

ದೊಡ್ಡವ್ವ ನನ್ನ ಕೈಯಲ್ಲಿದ್ದ ಪಾತ್ರೆಯನ್ನು, ನನ್ನನ್ನು ನೋಡಿದಳು. "ನೀನಾ? ಟೀಚರಮ್ಮ?"

"ಹ್ಞೂ. ಮೊದಲನೇದು."

ಈ ಸಲ ಅವಳು ನಗಲಿಲ್ಲ. ಕನ್ನಡಕ ಏರಿಸಿಕೊಂಡು, ಮಗು ಏಳದ ಹಾಗೆ ಕೌದಿಯ ಒಂದು ಮೂಲೆಯನ್ನು ಮೆಲ್ಲಗೆ ಮಡಚಿ, ಬೆರಳಿನಿಂದ ಸಾಲು ಸವರುತ್ತ ಬಂದಳು. "ಒಲಿಗೆ ಬಿಗಿಯಾಗದೆ. ಬಿಟ್ಟೋಗಾಕಿಲ್ಲ. ಆದ್ರೆ ಗಂಟೆಲ್ಲ ಮ್ಯಾಲೇ ಬುಟ್ಟಿದ್ದೀಯಲ್ಲ ತಾಯಿ. ಪದರದೊಳಕ್ಕೆ ಎಳ್ಕೋಬೇಕು, ಮಗೀಗೆ ಒತ್ತಾಕಿಲ್ವ?" ಆಮೇಲೆ ಅವ್ವನ ಕಡೆ ತಿರುಗಿ, "ನೀನು ಪಕ್ಕದಲ್ಲೇ ಕುಂತಿದ್ದೆ ತಾನೆ, ಹೇಳ್ಕೊಡಾಕೇನಾಗಿತ್ತು?"

ತಪ್ಪು ತನ್ನ ತಲೆಗೆ ಬರುತ್ತಲೇ ಅವ್ವನಿಗೆ ತಡೆಯಲಾಗಲಿಲ್ಲ. "ಹೇಳಿದ್ರೆ ಕೇಳೋಳಾ ಇವ್ಳು? ಗೆರೆ ಎಳೀಬ್ಯಾಡ ಅಂದೆ, ಎಳುದ್ಲು. ನೋಡು ಇಲ್ಲಿ, ಹೂವೆಲ್ಲ ನೀಲಿ. ಪದರ ಹಿಡೀದೆ ಅಂಚಿಂದ ಶುರು ಮಾಡವ್ಳೆ, ಮಧ್ಯ ಹೊಟ್ಟೆ ಬಂದು ಕುಂತದೆ. ಮುಟ್ಟಿ ನೋಡಕ್ಕ, ಇಲ್ಲಿ ಮುಟ್ಟು."

ಗೆರೆ ಎಳೆಯಬೇಡ ಎಂದು ಅವ್ವ ಹೇಳಿರಲೇ ಇಲ್ಲ. ನಾನು ತಿದ್ದಲು ಹೋಗಲಿಲ್ಲ. ನಲವತ್ತೆರಡು ವರ್ಷದಲ್ಲಿ ಮೊದಲ ಸಲ ನಮ್ಮವ್ವ ನೆಂಟರ ಮುಂದೆ ನನ್ನ ಕೈಕೆಲಸವನ್ನು ಬಯ್ಯುತ್ತಿದ್ದಳು, ಊರಿನ ಎಲ್ಲ ಅವ್ವಂದಿರೂ ತಮ್ಮ ಹೆಣ್ಣುಮಕ್ಕಳನ್ನು ಬಯ್ಯುವ ಹಾಗೆ. ಒಳಗಿನಿಂದ ನಮ್ಮ ಮನೆಯವರು ಎಲೆ ಹಾಕಿದೆ, ಕೋಸಂಬರಿ ಎಲ್ಲಿ ಎಂದು ಎರಡು ಸಲ ಕೂಗಿದರು. ನಾನು ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡು ಅಲ್ಲೇ ನಿಂತೆ. ಅವ್ವ ಇನ್ನೂ ಮೂಲೆಯ ಹೊಲಿಗೆಗೆ ಬಂದಿರಲಿಲ್ಲ. ಅದಂತೂ ತೀರಾ ಕೆಟ್ಟದಾಗಿತ್ತು, ಅದಕ್ಕೆ ಏನನ್ನುತ್ತಾಳೋ ಕೇಳಬೇಕಿತ್ತು.